ಎರಡನೇ ಸಾಲಿನ ಏಳನೇ ಬಳ್ಳಿ

ಜಯಮಾಲಾ ಯಾವುದನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಅಂಗಡಿಯಲ್ಲಿ ಹಾಲು ಕೊಳ್ಳುವಾಗ ಮುಂದಿನ ಸಾಲಿನ ಬಾಟಲಿ ಬಿಟ್ಟು, ಕೈ ಒಳಗೆ ತೂರಿಸಿ ಹಿಂದಿನದನ್ನು ಎಳೆದು ತಾರೀಖು ನೋಡುತ್ತಾಳೆ. ಗಂಡ ನಂಜುಂಡಸ್ವಾಮಿ ಬಾಗಿಲು ಹಾಕಿದ್ದೇನೆ ಅಂದರೂ ಎದ್ದು ಹೋಗಿ ಹಿಡಿ ಅಲ್ಲಾಡಿಸಿ ಬರುತ್ತಾಳೆ. ಇದು ಹುಟ್ಟುಗುಣ ಅಂತ ಅವಳ ಅಕ್ಕ ಹೇಳುತ್ತಾಳೆ. ಅವಳನ್ನೇ ಕೇಳಿದರೆ, ಅಪ್ಪ ಕಲಿಸಿದ್ದು ಅನ್ನುತ್ತಾಳೆ.

ಅಪ್ಪ ದೇವನಹಳ್ಳಿ ಕಡೆ ಮೂರು ಎಕರೆಯಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆಯುತ್ತಿದ್ದರು. ಕಲ್ಲುಕಂಬ ನೆಟ್ಟು ತಂತಿ ಎಳೆದ ಚಪ್ಪರ. ಸಸಿ ಮಾರಲು ಬಂದವನು ಏನೇ ಹೇಳಲಿ, ಅಪ್ಪ ಮೊದಲು ಎಲೆ ತಿರುವಿ ಅಡಿ ನೋಡುತ್ತಿದ್ದರು, ಕಾಂಡದ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದರು, ಆಮೇಲೆ ಮಾತು. ಪಕ್ಕದಲ್ಲಿ ನಿಂತ ಮಗಳಿಗೂ ಅದೇ ಅಭ್ಯಾಸವಾಯಿತು. ಹತ್ತು ವರ್ಷಕ್ಕೆಲ್ಲ ಅವಳು ಕಾಂಡದ ದಪ್ಪ ನೋಡಿ ಗಿಡದ ವಯಸ್ಸು ಹೇಳುತ್ತಿದ್ದಳು.

ನಂಜುಂಡಸ್ವಾಮಿ ನೀರಿನ ಪಂಪುಗಳ ಎಂಜಿನಿಯರ್. 2006ರಲ್ಲಿ ವೀಸಾ ಸಿಕ್ಕಿ ಎಂಟು ವರ್ಷದ ಮಗಳು ಕೃತಿಯನ್ನು ಕರೆದುಕೊಂಡು ಮೂವರೂ ಪರ್ತ್‌ಗೆ ಬಂದರು. ಥಾರ್ನ್ಲಿಯಲ್ಲಿ ಮನೆ, ಜಯಮಾಲಾಗೆ ವೆಲ್ಷ್‌ಪೂಲ್‌ನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ತಪಾಸಣೆಯ ಕೆಲಸ. ಅಲ್ಲಿ ಆರನೇ ವರ್ಷ ಬಿಸ್ಕೆಟ್ ಪೆಟ್ಟಿಗೆಯೊಂದರ ಮೇಲೆ ಅಂಟಿಸಿದ್ದ ತಾರೀಖಿನ ಚೀಟಿ ಸ್ವಲ್ಪ ಉಬ್ಬಿದಂತೆ ಅವಳ ಬೆರಳಿಗೆ ತಾಗಿತು. ಕಿತ್ತು ನೋಡಿದರೆ ಕೆಳಗೆ ಇನ್ನೊಂದು ಚೀಟಿ, ನಾಲ್ಕು ತಿಂಗಳು ಹಿಂದಿನ ತಾರೀಖು. ಮ್ಯಾನೇಜರ್ ಸುಮ್ಮನಿರು ಅಂದ. ಅವಳು ಸುಮ್ಮನಿರದೆ ಅವನ ಮೇಲಿನವರಿಗೆ ಹೇಳಿದಳು. ವಾರದೊಳಗೆ ಆ ಮ್ಯಾನೇಜರ್ ಅಲ್ಲಿರಲಿಲ್ಲ. ಬೇರೆ ಯಾವುದನ್ನೂ ನಂಬದ ಜಯಮಾಲಾಗೆ ಅಂದಿನಿಂದ ತನ್ನ ಅನುಮಾನದ ಮೇಲೆ ಮಾತ್ರ ಅಪಾರ ನಂಬಿಕೆ ಬಂತು.

2021ರಲ್ಲಿ ನಂಜುಂಡಸ್ವಾಮಿಗೆ ಅಡಿಲೇಡ್‌ನ ಆಚೆ, ದೊಡ್ಡ ಸರೋವರದ ದಡದ ತೋಟಗಳಿಗೆ ನೀರೆತ್ತುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಕೃತಿ ಬ್ರಿಸ್ಬೇನ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಸೇರಿದ್ದಳು. ಗಂಡ ಹೆಂಡತಿ ಇಬ್ಬರೇ ಪೆಲಿಕನ್ ಲ್ಯಾಂಡಿಂಗ್ ಎಂಬ ಹಳ್ಳಿಗೆ ಬಂದು ಬಾಡಿಗೆ ಮನೆ ಹಿಡಿದರು.

ಊರು ಅಂದರೆ ಒಂದು ಬೀದಿ, ಒಂದು ಕೆಫೆ, ಒಂದು ಚರ್ಚು, ನೀರಿಗೆ ಚಾಚಿದ ಹಳೆಯ ಮರದ ಕಟ್ಟೆ, ಸುತ್ತಲೂ ದ್ರಾಕ್ಷಿತೋಟ. ಒಂದು ಕಾಲದಲ್ಲಿ ಹಬೆಯ ದೋಣಿಗಳು ಆ ಕಟ್ಟೆಗೆ ಬಂದು ವೈನಿನ ಪೀಪಾಯಿ ಹೇರಿಕೊಂಡು ಹೋಗುತ್ತಿದ್ದವಂತೆ. ಚಳಿಗಾಲದಲ್ಲಿ ಹಳ್ಳ ತುಂಬಿ ಬಂದಾಗ ನೀರನ್ನು ತೋಟಕ್ಕೆ ತಿರುಗಿಸಿ ಮೊಣಕಾಲುದ್ದ ನಿಲ್ಲಿಸಿ, ಆ ಒಂದು ನೆನೆತದಲ್ಲೇ ವರ್ಷದ ಬೆಳೆ ತೆಗೆಯುತ್ತಿದ್ದರಂತೆ. ಊರಿಗೆಲ್ಲ ಹೆಮ್ಮೆ ಎರಡನೇ ಸಾಲಿನ ಏಳನೇ ಬಳ್ಳಿ. 1864ರಲ್ಲಿ, ಜರ್ಮನಿಯಿಂದ ಬಂದಿದ್ದ ಊರಿನ ಮೊದಲ ಬೆಳೆಗಾರನ ಹೆಂಡತಿ ಯೊಹಾನ್ನಾ ಹಾರ್ಟ್‌ವಿಗ್ ತನ್ನ ಕೈಯಾರೆ ನೆಟ್ಟಿದ್ದು, ಇವತ್ತಿಗೂ ಹಣ್ಣು ಬಿಡುತ್ತಿದೆ ಎಂದು ಅದರ ಮುಂದಿನ ಫಲಕ ಹೇಳುತ್ತಿತ್ತು. ಆ ವಂಶದ ಐದನೇ ತಲೆಮಾರಿನ ಕ್ಲೆಮ್ ಹಾರ್ಟ್‌ವಿಗ್, ಎಂಬತ್ತೊಂದು ವರ್ಷದ ಒಂಟಿ ಮನುಷ್ಯ, ಆ ಸಾಲನ್ನು ಊರಿಗೇ ಬಿಟ್ಟುಕೊಟ್ಟು, ದಿನಾ ಬಂದು ತಾನೇ ನೋಡಿಕೊಳ್ಳುತ್ತಿದ್ದ.

ಫಲಕವನ್ನು ಮೊದಲ ಸಲ ಓದಿದಾಗಲೇ ಜಯಮಾಲಾ ಹುಬ್ಬು ಗಂಟಿಕ್ಕಿದ್ದಳು. ಊರಿನ ಕಥೆ 1864ಕ್ಕೆ ಶುರುವಾಗಿ ಮೂವತ್ತು ಸಾಲು ಓಡಿತ್ತು. ಅದಕ್ಕೂ ಸಾವಿರಾರು ವರ್ಷ ಮುಂಚಿನಿಂದ ನಾರಿಂಜೆರಿ ಎಂಬ ಮೂಲನಿವಾಸಿ ಜನ ಅದೇ ದಡದಲ್ಲಿದ್ದರು ಅನ್ನುವುದು ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿತ್ತು. ದೊಡ್ಡದನ್ನು ಇಷ್ಟು ಸಣ್ಣದು ಮಾಡಿದವರು ಸಣ್ಣದನ್ನು ಎಷ್ಟು ದೊಡ್ಡದು ಮಾಡಿರಬಹುದು ಎಂದು ಅವಳು ಯೋಚಿಸಿದಳು.

ಕೆಫೆ ನಡೆಸುವ ಮಾರ್ಲೀನ್ ಊರಿನ ಪರಂಪರೆ ಸಮಿತಿಗೂ ಮುಖ್ಯಸ್ಥೆ. ದ್ರಾಕ್ಷಿ ಗೊತ್ತಿರುವವಳು ಅಂತ ಜಯಮಾಲಾಳನ್ನು ವಾರಾಂತ್ಯದಲ್ಲಿ ಪ್ರವಾಸಿಗರಿಗೆ ತೋಟ ತೋರಿಸುವ ಕೆಲಸಕ್ಕೆ ಕರೆದಳು. ವೈನನ್ನು ಬಾಯಿಗೇ ಹಾಕದ ಜಯಮಾಲಾ ವೈನಿನ ಊರಿನ ಚರಿತ್ರೆ ಹೇಳುವವಳಾದಳು. ಮಾತಿಗೆ ಮುಂಚೆ ಎಲ್ಲರ ಬೂಟಿನ ತಳ ತೊಳೆಸುತ್ತಿದ್ದಳು. ದ್ರಾಕ್ಷಿಯ ಬೇರು ತಿನ್ನುವ ಹೇನೊಂದಿದೆ, ಒಮ್ಮೆ ಮಣ್ಣಿಗೆ ಹೊಕ್ಕರೆ ತೋಟಕ್ಕೆ ತೋಟವೇ ಹೋಗುತ್ತದೆ. ಈ ರಾಜ್ಯಕ್ಕೆ ಅದು ಇನ್ನೂ ಕಾಲಿಟ್ಟಿಲ್ಲ. ಹಾಗಾಗಿ ಹೊರಗಿನಿಂದ ಒಂದು ಕಡ್ಡಿ ದ್ರಾಕ್ಷಿಬಳ್ಳಿಯನ್ನೂ ಅಪ್ಪಣೆಯಿಲ್ಲದೆ ತರುವಂತಿಲ್ಲ ಎಂದು ಗೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಕಂಡವರು ತಿಳಿಸಲೆಂದು ಸರ್ಕಾರದ ಫೋನ್ ನಂಬರ್ ಹಾಕಿದ್ದರು.

ಕಳೆದ ವರ್ಷ ಮೇ ತಿಂಗಳಲ್ಲಿ, ಅಲ್ಲಿನ ಚಳಿ ಶುರುವಾಗಿ ಎಲೆ ಉದುರಿದ ಮೇಲೆ, ಏಳನೇ ಬಳ್ಳಿಯ ಬುಡದ ಕಳೆ ಕೀಳಲು ಅವಳು ಮಂಡಿಯೂರಿದಳು. ನಿಂತು ನೋಡಿದರೆ ಅದು ತೊಡೆಗಿಂತ ದಪ್ಪದ, ತಿರುಚಿಕೊಂಡ ಹಳೆಯ ಬೊಡ್ಡೆ. ಅದರಿಂದಲೇ ಕೊಂಬೆಗಳು ಎದ್ದು ತಂತಿಗೆ ಹಬ್ಬಿದಂತೆ ಕಾಣುತ್ತಿತ್ತು. ಮಂಡಿಯೂರಿ ಹೊದಿಕೆಯ ಹುಲ್ಲು ಸರಿಸಿದಾಗ ಬೇರೆಯೇ ಕಂಡಿತು. ಬೊಡ್ಡೆ ಒಣಗಿ ಟೊಳ್ಳಾಗಿತ್ತು. ಹಸಿರಾಗಿದ್ದ ಕಾಂಡ ಅದರ ಬೆನ್ನಿಗೆ ಒಂದು ಗೇಣು ಬಿಟ್ಟು ನೆಲದಿಂದ ಪ್ರತ್ಯೇಕವಾಗಿ ಮೇಲೆದ್ದು, ತಂತಿಯ ಕಟ್ಟಿನಿಂದ ಬೊಡ್ಡೆಗೆ ಒರಗಿ ನಿಂತಿತ್ತು. ಅವಳು ತೊಗಟೆಗೆ ಉಗುರಿಟ್ಟಳು. ಹೆಚ್ಚೆಂದರೆ ಹದಿನೈದು, ಹದಿನಾರು ವರ್ಷ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಕ್ಲೆಮ್. ಅವನ ಕಡಿಮೆ ಮಾತಿನ ಇಂಗ್ಲಿಷನ್ನು ಜಯಮಾಲಾ ಇಷ್ಟು ದಿನದಲ್ಲಿ ಮನಸ್ಸಿನೊಳಗೇ ಕನ್ನಡ ಮಾಡಿಕೊಳ್ಳುವಷ್ಟು ಬಲ್ಲವಳಾಗಿದ್ದಳು.

"ಈ ಕಾಂಡಕ್ಕೆ ಎಷ್ಟು ವರ್ಷ?" ಎಂದು ಕೇಳಿದಳು.

"ಬೋರ್ಡಲ್ಲಿ ಬರೆದಿದೆಯಲ್ಲ" ಅಂದವನು ಬೂಟಿನ ತುದಿಯಿಂದ ಹುಲ್ಲನ್ನು ಮತ್ತೆ ಬುಡಕ್ಕೆ ತಳ್ಳಿ ಹೋದ.

ಅಷ್ಟು ಸಾಕಾಯಿತು. ತೋಟದ ಪಕ್ಕದ ಹಳೆಯ ಕಲ್ಲಿನ ನೆಲಮಾಳಿಗೆಯಲ್ಲಿ ಸಮಿತಿಯ ಚಿತ್ರಗಳ ಆಲ್ಬಮ್‌ಗಳಿದ್ದವು, ಅದರ ಬೀಗದ ಕೈಯನ್ನು ಮಾರ್ಲೀನ್ ಅವಳಿಗೆ ಕೊಟ್ಟಿದ್ದಳು. ಎರಡು ದಿನ ಕೂತು ತಿರುವಿದಳು. 2009ರ ಚಳಿಗಾಲದ ಒಂದು ಚಿತ್ರ ಸಿಕ್ಕಿತು. ವರ್ಷಗಟ್ಟಲೆ ನಡೆದ ದೊಡ್ಡ ಬರದ ಕಾಲ. ಸರೋವರ ಹಿಂದೆ ಸರಿದು ದೋಣಿಗಳು ಬಿರುಕು ಬಿಟ್ಟ ಕೆಸರಿನ ಮೇಲೆ ಮಲಗಿವೆ. ಮುಂದೆ ಏಳನೇ ಬಳ್ಳಿಯ ಬೊಡ್ಡೆ, ಒಂದು ಕೊಂಬೆಯೂ ಇಲ್ಲ, ಬುಡದಲ್ಲಿ ಒಂದು ಗೋಣಿಚೀಲ ಬಿದ್ದಿದೆ. ಅದೇ ಆಲ್ಬಮ್ಮಿನ ಕೊನೆಯಲ್ಲಿ ಇನ್ನೊಂದು ಚಿತ್ರ. ನೀಲಿ ಮರದ ಮನೆಯ ಮುಂದೆ ಕ್ಲೆಮ್, ಕಂಕುಳಲ್ಲಿ ದಾರ ಕಟ್ಟಿದ ದ್ರಾಕ್ಷಿ ಕಡ್ಡಿಗಳ ಹೊರೆ. ಹಿಂದೆ ಪೆನ್ಸಿಲ್ಲಿನಲ್ಲಿ "ಈನಿಡ್ ಮನೆ, ಬ್ರಿಸ್ಬೇನ್, ಜುಲೈ 2008". ಈನಿಡ್ ಕ್ಲೆಮ್‌ನ ತಂಗಿ ಅಂತ ಊರಿಗೆಲ್ಲ ಗೊತ್ತಿತ್ತು.

"ರೀ, ಆ ಗಿಡ ಹೊರಗಿಂದ ಬಂದಿರೋದು" ಅಂದಳು ಅವತ್ತು ಊಟಕ್ಕೆ ಕೂತಾಗ. "ಹಳೇದು ಬರದಲ್ಲಿ ಸತ್ತೋಗಿದೆ. ಬ್ರಿಸ್ಬೇನಿಂದ ಕಡ್ಡಿ ಕದ್ದುಮುಚ್ಚಿ ತಂದು ನೆಟ್ಟವ್ರೆ."

"ಕ್ಲೆಮ್ ಅಂಕಲ್ ಅಂಥೋರಲ್ಲ ಕಣೇ" ಅಂದ ನಂಜುಂಡಸ್ವಾಮಿ. "ಪಂಪ್ ಕೆಟ್ಟಾಗ ಎಂಬತ್ತು ವರ್ಷದ ಮನುಷ್ಯ ನನ್ ಜೊತೆ ಕೆಸರಿಗೆ ಇಳಿದಿದ್ರು."

"ಅಂಥೋರು ಇಂಥೋರು ಅಂತ ನಾನೆಲ್ಲಿ ಅಂದೆ? ಬೋರ್ಡ್ ನೂರಾ ಅರವತ್ತು ಅನ್ನುತ್ತೆ, ಕಾಂಡ ಹದಿನೈದು ಅನ್ನುತ್ತೆ. ಆ ಕಡ್ಡಿ ಜೊತೆ ಹೇನು ಬಂದಿದ್ರೆ? ಸುತ್ತ ನಲವತ್ತು ಮನೆಯೋರ ತೋಟ ಇದೆ."

"ಹದಿನೈದು ವರ್ಷದಲ್ಲಿ ಏನೂ ಆಗಿಲ್ವಲ್ಲ ಜಯಾ."

"ನಿಧಾನಕ್ಕೆ ಹರಡುತ್ತೆ ರೀ ಅದು" ಅಂದಳು. ಅನ್ನ ತಟ್ಟೆಯಲ್ಲೇ ಆರಿತು.

ಜೂನ್‌ನಲ್ಲಿ ಕೃತಿ ಎಂದಿನಂತೆ ಫೋನ್ ಮಾಡಿ ಬಾ ಅಂದಳು. ಎಂದಿನಂತೆ ನೆಪ ಹೇಳದೆ ಜಯಮಾಲಾ ಮುಂದಿನ ವಾರವೇ ಬರ್ತೀನಿ ಅಂದಳು.

"ಅಮ್ಮಾ, ಯು ನೆವರ್ ಸೇ ಯೆಸ್ ದಿಸ್ ಫಾಸ್ಟ್. ವಾಟ್ಸ್ ಗೋಯಿಂಗ್ ಆನ್?"

"ಏನಿಲ್ಲ ಪುಟ್ಟ, ನಿನ್ನ ನೋಡ್ಬೇಕು ಅನ್ನಿಸ್ತು."

ಮಾರ್ಲೀನ್ ಹತ್ತಿರ, ಹೇಗೂ ಬ್ರಿಸ್ಬೇನ್‌ಗೆ ಹೋಗ್ತಿದ್ದೀನಿ, ಈನಿಡ್‌ಗೆ ಊರಿನ ಅಂಜೂರದ ಜ್ಯಾಮ್ ಕೊಟ್ಟು ಬರ್ತೀನಿ ಅಂತ ವಿಳಾಸ ಪಡೆದಳು. ಬೇರೆಯವರ ಸುಳ್ಳು ಹಿಡಿಯಲು ತಾನು ಸುಳ್ಳು ಹೇಳಿದ್ದು ಅದೇ ಮೊದಲು. ಅದು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಅವಳಿಗೇ ಸರಿ ಕಾಣಲಿಲ್ಲ.

ಬ್ರಿಸ್ಬೇನ್‌ನಲ್ಲಿ ಕೃತಿಯೇ ಕಾರಿನಲ್ಲಿ ಕರೆದೊಯ್ದಳು. ಕಂಬಗಳ ಮೇಲೆ ನಿಂತ ಅದೇ ನೀಲಿ ಮನೆ, ಜಗಲಿಯ ತುಂಬ ಹಬ್ಬಿದ ದ್ರಾಕ್ಷಿಬಳ್ಳಿ. ಎಪ್ಪತ್ತೆಂಟರ ಈನಿಡ್ ಜ್ಯಾಮ್ ನೋಡಿ ಸಂತೋಷಪಟ್ಟು ಟೀ ಮಾಡಿಕೊಟ್ಟಳು. 1971ರಲ್ಲಿ ಮದುವೆಯಾಗಿ ಬರುವಾಗ ತವರಿನ ನೆನಪಿಗೆ ಏಳನೇ ಬಳ್ಳಿಯ ಎರಡು ಕಡ್ಡಿ ತಂದು ನೆಟ್ಟಿದ್ದಂತೆ. ಅದೇ ಇದು.

"ಕ್ಲೆಮ್ ಇಲ್ಲಿಗೆ ಬಂದಿದ್ದರಲ್ಲವೇ?" ಎಂದು ಜಯಮಾಲಾ ಬಟ್ಟಲಿನೊಳಗೆ ನೋಡುತ್ತ ಕೇಳಿದಳು.

"ಒಂದೇ ಸಲ. ಬರದ ವರ್ಷ. ಹಳೇ ಗಿಡ ಸಾಯ್ತಿದೆ ಈನಿಡ್ ಅಂತ ಇದೇ ಮೆಟ್ಟಿಲ ಮೇಲೆ ಕೂತು ಅತ್ತ. ಒಂದು ಹೊರೆ ಕಡ್ಡಿ ಕತ್ತರಿಸಿಕೊಂಡ. ಒದ್ದೆ ಟವೆಲಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟಿದ್ದು ನಾನೇ" ಅಂದಳು ಈನಿಡ್. ಆಮೇಲೆ ಮುಂದೆ ಬಗ್ಗಿ, "ಚೆನ್ನಾಗಿ ಬಂತಾ? ಅವನು ಆಮೇಲೆ ಆ ಮಾತೇ ಎತ್ತಲಿಲ್ಲ" ಎಂದು ಕೇಳಿದಳು.

ಜಯಮಾಲಾ, ಗಿಡ ಚೆನ್ನಾಗಿದೆ ಅಂದಳು. ಅದು ಸುಳ್ಳಾಗಿರಲಿಲ್ಲ.

ಮರಳುವಾಗ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಕೃತಿ ಅಂದಳು: "ಶೀ ಟ್ರಸ್ಟೆಡ್ ಯು, ಅಮ್ಮಾ."

"ಗೊತ್ತು."

"ದೆನ್ ಆಸ್ಕ್ ಹಿಮ್ ಫಸ್ಟ್. ಪ್ಲೀಸ್."

ಮಗಳ ಮಾತಿಗೆ ಕಟ್ಟುಬಿದ್ದು ಜಯಮಾಲಾ ಊರಿಗೆ ಮರಳಿದ ಮಾರನೇ ದಿನ ಕ್ಲೆಮ್‌ನ ಶೆಡ್ಡಿಗೆ ಹೋದಳು. ಅವನು ಕೊಂಬೆ ಸವರುವ ಕತ್ತರಿಗೆ ಸಾಣೆ ಹಿಡಿಯುತ್ತಿದ್ದ. ಅವಳು ಸುತ್ತಿ ಬಳಸದೆ ಚಿತ್ರ ಮುಂದಿಟ್ಟಳು.

ಕ್ಲೆಮ್ ಚಿತ್ರವನ್ನು ನೋಡಿ ಕತ್ತರಿ ಕೆಳಗಿಟ್ಟ. "ಅಡಿಲೇಡ್ ಏರ್‌ಪೋರ್ಟಿನಲ್ಲಿ ಒಂದು ಡಬ್ಬಿ ಇರುತ್ತೆ. ಹೊರಗಿಂದ ತಂದ ಹಣ್ಣು, ಗಿಡ ಎಲ್ಲ ಹಾಕೋದು. ಅದಕ್ಕೆ ಹಾಕ್ದೆ."

"ಯಾರು ನೋಡಿದರು?"

"ಯಾರೂ ಇಲ್ಲ."

"ಹಾಗಾದರೆ ಈ ಗಿಡ ಎಲ್ಲಿಂದ ಬಂತು?"

"ಇಲ್ಲಿಂದಲೇ."

"ಹೇಗೆ?"

ಮುದುಕ ಅವಳ ಮುಖವನ್ನೇ ನೋಡಿದ. "ಹೇಳಿದ್ರೆ ನಂಬ್ತೀಯಾ?"

ನಂಬ್ತೀನಿ ಅನ್ನಲು ಜಯಮಾಲಾಳ ಮನಸ್ಸು ಒಪ್ಪಲಿಲ್ಲ. ಕ್ಲೆಮ್ ತಲೆಯಾಡಿಸಿ ಮತ್ತೆ ಕತ್ತರಿ ಎತ್ತಿಕೊಂಡ.

ಬುಡಕ್ಕೆ ಹುಲ್ಲು ಮುಚ್ಚಿದವನು, ತಂಗಿಗೂ ಹೇಳದೆ ಉಳಿದವನು, ಸಾಕ್ಷಿಯಿಲ್ಲದ ಡಬ್ಬಿಯ ಕಥೆ ಹೇಳುವವನು. ಒಂದು ವಾರ ಅವಳು ಇದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಎಂಟನೇ ದಿನ ಬೆಳಿಗ್ಗೆ ಗೇಟಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಹೆಸರು ಗುಟ್ಟಾಗಿಡಬೇಕಾ ಅಂತ ಆ ಕಡೆಯ ಹುಡುಗಿ ಕೇಳಿದಳು. ಬೇಡ, ಬರೆದುಕೊಳ್ಳಿ ಅಂದು ಜಯಮಾಲಾ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದಳು.

ಜುಲೈ ಮೊದಲ ವಾರ ಇಬ್ಬರು ಅಧಿಕಾರಿಗಳು ಬಂದರು. ಬೂಟಿಗೆ ಬಿಳಿ ಚೀಲ ಕಟ್ಟಿಕೊಂಡು, ಎರಡನೇ ಸಾಲಿಗೆ ಪಟ್ಟಿ ಎಳೆದು ಯಾರೂ ಬರಕೂಡದು ಅಂದರು. ಊರಿನ ಹತ್ತಿಪ್ಪತ್ತು ಜನ ಬೇಲಿಯಾಚೆ ಸೇರಿದರು.

"ಯಾರೋ ದೂರು ಕೊಟ್ಟಿದ್ದಾರಂತೆ" ಅಂದಳು ಮಾರ್ಲೀನ್, ಗಾಬರಿಯಿಂದ.

"ನಾನೇ" ಅಂದಳು ಜಯಮಾಲಾ.

ಪಕ್ಕದಲ್ಲಿದ್ದವರು ಒಂದೊಂದೇ ಹೆಜ್ಜೆ ದೂರ ಸರಿದರು. ಕ್ಲೆಮ್ ಶೆಡ್ಡಿನಿಂದ ಕುರ್ಚಿ ತಂದುಕೊಂಡು ಸಾಲಿನ ಕೊನೆಗೆ ಕೂತಿದ್ದ. ಅವನು ಅವಳ ಕಡೆ ನೋಡಲಿಲ್ಲ.

ಅಧಿಕಾರಿಗಳು ಕೈಗರಣೆಯಿಂದ ಮಣ್ಣನ್ನು ಪದರ ಪದರವಾಗಿ ತೆಗೆದರು. ಒಂದೂವರೆ ಅಡಿ ಆಳಕ್ಕೆ ಹೋದಾಗ ಎಳೆಯ ಕಾಂಡ ಕೆಳಗಿಳಿಯುವುದು ಬಿಟ್ಟು ಮೊಣಕೈಯಂತೆ ಬಾಗಿತು. ಬಾಗಿದ ಭಾಗದಿಂದ ಹೊಸ ಬೇರುಗಳು ಪೊದೆಯಾಗಿ ಇಳಿದಿದ್ದವು. ಅಲ್ಲಿಂದ ಮುಂದೆ ಮಣಿಕಟ್ಟು ದಪ್ಪದ ಆ ಕೊಂಬೆ ಅಡ್ಡಡ್ಡಲಾಗಿ ಹೋಗಿ ಹಳೆಯ ಬೊಡ್ಡೆಯ ಬುಡಕ್ಕೇ ಸೇರಿಕೊಂಡಿತ್ತು. ಎರಡರ ನಡುವೆ ಕಡಿದ ಗುರುತಿಲ್ಲ, ಕಸಿಯ ಗಂಟಿಲ್ಲ. ಒಂದೇ ಗಿಡ.

ಬೇಲಿಯಾಚೆ ನಿಂತ ಜಯಮಾಲಾ ತಂತಿ ಹಿಡಿದು ಮುಂದೆ ಬಗ್ಗಿ ನೋಡಿದಳು. ಇದು ಅವಳಿಗೆ ಗೊತ್ತಿದ್ದ ವಿದ್ಯೆ. ಚಪ್ಪರದಲ್ಲಿ ಒಂದು ಗಿಡ ಸೊರಗಿದರೆ ಅಪ್ಪ ಅದರ ಉದ್ದನೆಯ ಕೊಂಬೆಯೊಂದನ್ನು ಬಗ್ಗಿಸಿ, ಗುಣಿ ತೋಡಿ ನಡುವನ್ನು ಹೂತು, ತುದಿ ಮಾತ್ರ ಹೊರಗೆ ಬಿಟ್ಟು, ಬಿಸಿಲು ಬೀಳದಂತೆ ಒದ್ದೆ ಗೋಣಿಚೀಲ ಮುಚ್ಚುತ್ತಿದ್ದರು. ಎಷ್ಟೋ ಸಲ ಆ ಗೋಣಿಗೆ ನೀರು ಚಿಮುಕಿಸಿದವಳು ಅವಳೇ. ಚಿತ್ರದಲ್ಲಿ ಗೋಣಿಚೀಲ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಕಳ್ಳತನ ಹುಡುಕಲು ಕೂತಿದ್ದರಿಂದ ಕಳ್ಳತನಕ್ಕೆ ಬೇಕಾದದ್ದಷ್ಟೇ ಅವಳಿಗೆ ಕಂಡಿತ್ತು.

ಬೇರಿನ ಚೂರುಗಳು ಪರೀಕ್ಷೆಗೆ ಹೋದವು. ಆ ಹತ್ತು ದಿನ ಊರು ಅವಳನ್ನು ಮಾತಾಡಿಸಲಿಲ್ಲ. ಕೆಫೆಯೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಯಾವುದೋ ಹೋಟೆಲಿನವರಿಗೆ ಜಾಗ ಬಿಡಿಸಿಕೊಡಲು ಹೀಗೆ ಮಾಡಿದ್ದಾಳೆ ಅಂತ ಯಾರೋ ಅಂದದ್ದು ನಂಜುಂಡಸ್ವಾಮಿಯ ಕಿವಿಗೂ ಬಿತ್ತು. ತನ್ನ ಮೇಲೆ ಅನುಮಾನ ಬಿದ್ದರೆ ಹೇಗಿರುತ್ತದೆ ಎಂದು ಐವತ್ತಾರನೇ ವಯಸ್ಸಿನಲ್ಲಿ ಅವಳಿಗೆ ತಿಳಿಯಿತು. ಮಾರ್ಲೀನ್ ಬಾಗಿಲಲ್ಲೇ ನಿಂತು ನೆಲಮಾಳಿಗೆಯ ಬೀಗದ ಕೈ ವಾಪಸ್ ಇಸಿದುಕೊಂಡಳು.

"ಫೋನ್ ಮಾಡಿದ್ದು ತಪ್ಪು ಅಂತ ನಾನನ್ನಲ್ಲ" ಅಂದ ನಂಜುಂಡಸ್ವಾಮಿ. "ಹೇನು ಇದ್ದಿದ್ರೆ ನಿನ್ನಿಂದ ಊರು ಉಳೀತಿತ್ತು. ಆದ್ರೆ ಆ ಮನುಷ್ಯ ನಂಬ್ತೀಯಾ ಅಂತ ಕೇಳಿದಾಗ, ಹೇಳಿ ನೋಡೋಣ ಅಂತಾದ್ರೂ ಅನ್ಬಹುದಿತ್ತು ಜಯಾ."

ಬೇರು ಚೊಕ್ಕವಾಗಿದೆ ಅಂತ ಕಾಗದ ಬಂದ ಶನಿವಾರ ಬೆಳಿಗ್ಗೆ ಅವಳು ತೋಟಕ್ಕೆ ಹೋದಳು. ಏನಾದರೂ ತಿಂಡಿ ಮಾಡಿ ಒಯ್ಯೋಣ ಅಂದುಕೊಂಡು, ಅದು ಪುಸಲಾಯಿಸಿದಂತೆ ಕಂಡೀತು ಅಂತ ಬರಿಗೈಯಲ್ಲೇ ಹೊರಟಿದ್ದಳು. ಕ್ಲೆಮ್ ಒಬ್ಬನೇ ಗುಂಡಿಗೆ ಮಣ್ಣು ಎಳೆಯುತ್ತಿದ್ದ. ಬೇಲಿಗೆ ಒರಗಿಸಿದ್ದ ಇನ್ನೊಂದು ಗುದ್ದಲಿ ತಗೊಂಡು ಅವಳೂ ಶುರುಮಾಡಿದಳು. ಅವನು ಬೇಡ ಅನ್ನಲಿಲ್ಲ.

"ನನ್ನಿಂದ ತಪ್ಪಾಯಿತು" ಅಂದಳು ಅರ್ಧ ಗುಂಡಿ ಮುಚ್ಚಿದ ಮೇಲೆ.

ಕ್ಲೆಮ್ ಗುದ್ದಲಿಗೆ ಒರಗಿ ನಿಂತ. "ಆ ಡಬ್ಬಿ ಮುಂದೆ ಅರ್ಧ ಗಂಟೆ ನಿಂತಿದ್ದೆ. ಕೊನೆಗೆ ಅಕ್ಕಪಕ್ಕದ ತೋಟದೋರು ನೆನಪಾದ್ರು. ಹಾಕಿಬಿಟ್ಟೆ. ಮನೆಗೆ ಬಂದು ನೋಡಿದ್ರೆ ಬೊಡ್ಡೆಯ ಕೆಳಗೆ ಒಂದೇ ಒಂದು ಕೊಂಬೆ ಹಸಿ ಇತ್ತು. ಅದನ್ನ ಹೂತೆ. ಅಜ್ಜಿ ಮಾಡೋದು ನೋಡಿದ್ದೆ. ಎರಡು ವರ್ಷ ಅದು ಬದುಕುತ್ತೆ ಅಂತ ನನಗೂ ನಂಬಿಕೆ ಇರಲಿಲ್ಲ."

"ಹೇಳಬಹುದಿತ್ತಲ್ಲ?"

"ಐದು ತಲೆಮಾರು ಕಾದ ಗಿಡ ನನ್ನ ಕೈಯಲ್ಲಿ ಒಣಗಿತು ಅಂತ ಬೋರ್ಡಲ್ಲಿ ಬರೆಸಲಾ?" ಅವನು ಮಣ್ಣನ್ನು ಕಾಲಿನಿಂದ ಮೆಟ್ಟಿದ. "ಬೇರು ನೋಡದೆ ಇದ್ದಿದ್ರೆ ನೀನು ನಂಬ್ತಿದ್ಯಾ?"

ಜಯಮಾಲಾ ಯೋಚಿಸಿದಳು. "ಇಲ್ಲ" ಅಂದಳು.

"ಸರಿ. ನೇರವಾಗಿ ಹೇಳಿದೆಯಲ್ಲ" ಅಂದು ಕ್ಲೆಮ್ ಮತ್ತೆ ಮಣ್ಣು ಎಳೆದ.

ಅಂದು ಮಧ್ಯಾಹ್ನವೇ ಅವಳು ಈನಿಡ್‌ಗೆ ಫೋನ್ ಮಾಡಿ, ಬೇಹುಗಾರಿಕೆಗೆಂದೇ ಬಂದಿದ್ದೆ ಅಂತ ಒಪ್ಪಿಕೊಂಡಳು. ಗೊತ್ತಿತ್ತು ಮಗೂ, ಒಂದು ಡಬ್ಬಿ ಜ್ಯಾಮ್ ಕೊಡೋಕೆ ಯಾರು ಅಷ್ಟು ದೂರ ಬರ್ತಾರೆ ಅಂತ ಈನಿಡ್ ನಕ್ಕಳು. ಕಡ್ಡಿಗಳು ಕಸದ ಡಬ್ಬಿಗೆ ಬಿದ್ದ ವಿಷಯ ಕೇಳಿ ಮಾತ್ರ, ಒಂದನ್ನೂ ಉಳಿಸಿಕೊಳ್ಳಲಿಲ್ವಾ ಅಂತ ಎರಡು ಸಲ ಕೇಳಿದಳು.

ಫಲಕ ಬದಲಾಗಬೇಕೆಂದು ಕ್ಲೆಮ್ ತಾನೇ ಸಮಿತಿಗೆ ಹೇಳಿದ. ನಿಜ ಬರೆದರೆ ಪ್ರವಾಸಿಗರು ಬರುವುದಿಲ್ಲ ಅಂತ ಮಾರ್ಲೀನ್ ಎರಡು ಸಭೆ ವಾದಿಸಿ ಕೊನೆಗೆ ಕೈಬಿಟ್ಟಳು. ಸೆಪ್ಟೆಂಬರಿನಲ್ಲಿ ಹೊಸದು ಬಂತು. ನಾರಿಂಜೆರಿ ಹಿರಿಯರು ತಾವೇ ಹೇಳಿ ಬರೆಸಿದ ಹತ್ತು ಸಾಲು ಮೊದಲು. ಆಮೇಲೆ ಹಾರ್ಟ್‌ವಿಗ್ ಕುಟುಂಬದ ಮಾತು: ಬೇರು 1864ರದೆಂದು ಹೇಳಿಕೆ, ಕಾಂಡ ಬರದ ವರ್ಷದಲ್ಲಿ ಅದೇ ಬೇರಿನಿಂದ ಕ್ಲೆಮ್ ಎಬ್ಬಿಸಿದ್ದು. "ಎಂದು ಹೇಳಿಕೆ" ಅನ್ನುವುದನ್ನು ಸೇರಿಸಲೇಬೇಕೆಂದು ಹಟ ಹಿಡಿದವಳು ಜಯಮಾಲಾ.

"ಅದೂ ಅನುಮಾನವಾ?" ಎಂದು ಕ್ಲೆಮ್ ಕೇಳಿದ್ದ.

"ಯೊಹಾನ್ನಾ ನೆಟ್ಟಿದ್ದನ್ನು ನೋಡಿದವರು ಯಾರು?"

"ನಮ್ಮ ತಾತ ಹೇಳ್ತಿದ್ದ."

"ತಾತ ಹುಟ್ಟಿದ್ದು ಯಾವಾಗ?"

ಕ್ಲೆಮ್ ಲೆಕ್ಕ ಹಾಕಿ, ಸರಿ, ಬರೆಸು ಅಂದ.

ಪ್ರವಾಸಿಗರು ಕಡಿಮೆಯೇನೂ ಆಗಲಿಲ್ಲ. ಗುಂಡಿ ತೆಗೆದ ಕಥೆ ಕೇಳಲೆಂದೇ ಕೆಲವರು ಬರುತ್ತಾರೆ. ಮಾರ್ಲೀನ್ ಬೀಗದ ಕೈ ತಿರುಗಿ ಕೊಟ್ಟಿದ್ದಾಳೆ, ಮೊದಲಿನ ಸಲಿಗೆ ಇನ್ನೂ ಕೊಟ್ಟಿಲ್ಲ. ಈಗ ಎರಡು ವಾರಕ್ಕೊಮ್ಮೆ ಗುರುವಾರ ನಂಜುಂಡಸ್ವಾಮಿ ರಜೆ ಹಾಕಿ ಕಾರು ಓಡಿಸುತ್ತಾನೆ. ಜಯಮಾಲಾ ಅಡಿಲೇಡ್‌ನ ಗ್ರಂಥಾಲಯದಲ್ಲಿ ಕೂತು ಹಳೆಯ ಹಡಗುಗಳ ಪ್ರಯಾಣಿಕರ ಪಟ್ಟಿ, ಹಳೆಯ ಪತ್ರಗಳಲ್ಲಿ ಯೊಹಾನ್ನಾಳ ಹೆಸರು ಹುಡುಕುತ್ತಾಳೆ. ಹಿಂದಿನ ಸೀಟಿನಲ್ಲಿ ಗೊಣಗುತ್ತ ಬರುವ ಕ್ಲೆಮ್ ಅವಳ ಎದುರಿನ ಕುರ್ಚಿಯಲ್ಲಿ ಕೂತು, ಅಜ್ಜಿಯ ಕಾಲದ ಜರ್ಮನ್ ಅಕ್ಷರಗಳನ್ನು ಬೆರಳಿಟ್ಟು ಓದಿ ಹೇಳುತ್ತಾನೆ. ಅವನು ಓದಿದ್ದನ್ನು ಅವಳು ಬರೆದುಕೊಳ್ಳುತ್ತಾಳೆ. ಆಮೇಲೆ ಮೂವರೂ ಗ್ಲೆನೆಲ್ಗ್‌ಗೆ ಹೋಗಿ ಸಮುದ್ರದ ಮುಂದೆ ಐಸ್‌ಕ್ರೀಮ್ ತಿಂದು ಊರಿಗೆ ಮರಳುತ್ತಾರೆ. ಯೊಹಾನ್ನಾ ಇನ್ನೂ ಸಿಕ್ಕಿಲ್ಲ.